ಲಂಗರೂದಿಗೆ ಹೋಗುವ ಮಾತು

ಅಪ್ಪನಿಗೆ ‘ಬೀಗರೆದುರು ಸ್ವಲ್ಪ ಕುಂಟು’ ಎಂದು ಹೇಳುವುದು ಹೇಗೆ ಎಂಬ ಯೋಚನೆಯಲ್ಲೇ ನಸ್ತರನ್ ಅನ್ನ ಬಸಿದಳು. ಹಬೆ ಮುಖಕ್ಕೆ ಹೊಡೆದು ಕಣ್ಣು ಮುಚ್ಚಿಕೊಂಡಾಗ, ಮುಚ್ಚಿದ ಕಣ್ಣಿನೊಳಗೇ ಅಪ್ಪ ಲಂಗರೂದಿನ ಇಟ್ಟಿಗೆ ಸೇತುವೆ ದಾಟಿ ಮೀನುಪೇಟೆಯ ಕಡೆ ಹೋಗುತ್ತಿದ್ದ. ಎಂದಿನ ಬೀಸುನಡಿಗೆ, ಹೆಗಲ ಮೇಲೆ ಎಸೆದುಕೊಂಡ ಚೀಲ, ಎದುರಾದವರನ್ನೆಲ್ಲ ಕೂಗಿ ಮಾತಾಡಿಸುವ ಗಂಟಲು. ಎಪ್ಪತ್ತೈದು ದಾಟಿದರೂ ಆ ಮನುಷ್ಯನ ಮಂಡಿಗೆ ಏನೂ ಆಗಿರಲಿಲ್ಲ. ಏನಾದರೂ ಆಗಿದ್ದರೆ ಚೆನ್ನಾಗಿತ್ತು ಎಂದು ಅವಳು ಒಂದು ಕ್ಷಣ ಆಸೆಪಟ್ಟಳು. ಆಸೆಪಟ್ಟದ್ದು ತನಗೇ ತಿಳಿದು, ಬಸಿದ ಅನ್ನವನ್ನು ಪಾತ್ರೆಗೆ ಮರಳಿ ಸುರಿಯುವಾಗ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಬಗ್ಗಿ ಆಯುತ್ತ ಕುಳಿತಳು. ಬಿಸಿ ಅಗುಳು ಬೆರಳಿಗೆ ಅಂಟಿ ಸುಡುತ್ತಿದ್ದರೂ ಬೇಗ ಏಳಬೇಕೆನಿಸಲಿಲ್ಲ.

ಹಾಲಿನಲ್ಲಿ ಅವಳ ಗಂಡ ಕೇವಾನ್ ಮತ್ತು ಅವನ ಅಕ್ಕ ಮೆಹ್ರಿ ಮುಂದಿನ ವಾರದ ಪ್ರಯಾಣದ ಮಾತಿನಲ್ಲಿದ್ದರು. ಮೂರು ದಿನದ ರಜೆ. ಟೆಹರಾನಿಗೆ ಟೆಹರಾನೇ ಬೆಟ್ಟ ದಾಟಿ ಉತ್ತರದ ಕಡಲಿಗೆ ಇಳಿಯುವ ರಜೆ. ಈ ಸಲ ಹೋಗುವುದು ಲಂಗರೂದಿಗೆ, ನಸ್ತರನ್‌ಳ ತವರಿಗೆ ಎಂದು ತಿಂಗಳ ಹಿಂದೆಯೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದ್ದು ಅವಳೂ ಅಲ್ಲ, ಕೇವಾನನೂ ಅಲ್ಲ. ಮಗಳು ಪೆಗಾಹ್‌ಗೆ ಅತ್ತೆಯಾಗಲಿರುವ ಅಫ್ಸರ್, ಎಲ್ಲರ ಬಾಯಲ್ಲಿ ಮರ್ಯಾದೆಯ ‘ಅಫ್ಸರ್ ಖಾನುಂ’, ಒಂದು ಸಂಜೆ ಚಹಾದ ಲೋಟ ಕೆಳಗಿಟ್ಟು, “ಹುಡುಗಿಯ ತಾತನ್ನ ನಾನಿನ್ನೂ ನೋಡೇ ಇಲ್ಲವಲ್ಲ. ಪಾಪ, ನಿಶ್ಚಿತಾರ್ಥಕ್ಕೂ ಏಳಕ್ಕಾಗದೆ ಮಲಗಿದ್ದರು. ನಾವೇ ಹೋಗಿ ಆರೋಗ್ಯ ವಿಚಾರಿಸಿಕೊಂಡು ಬರೋಣ” ಎಂದಿದ್ದಳು. ಕೂಡಲೇ ಕೇವಾನ್ ಖುಷಿಯಿಂದ ಹೂಂಗುಟ್ಟಿದ್ದ. ನಸ್ತರನ್ ನಗಲು ಪ್ರಯತ್ನಿಸಿ ಕೈಯಲ್ಲಿದ್ದ ತಟ್ಟೆಯ ಅಂಚನ್ನು ಒರೆಸಿದ್ದಳು. ಏಕೆಂದರೆ ಅಪ್ಪ ಮಲಗಿರಲಿಲ್ಲ. ಅಪ್ಪನಿಗೆ ಮಂಡಿ ಊದಿದೆ, ಎದ್ದು ಓಡಾಡಲು ಆಗುತ್ತಿಲ್ಲ ಎಂದು ಬೀಗರಿಗೆ ಹೇಳಿದವಳು ಅವಳೇ. ನಿಶ್ಚಿತಾರ್ಥ ಅಂದರೆ ಏನಿಲ್ಲಪ್ಪ, ಮನೆಮಂದಿ ಐದಾರು ಜನ ಕೂತು ಮಾತಾಡುವುದು, ಅಷ್ಟಕ್ಕೆ ನೀನು ಬೆಟ್ಟ ದಾಟಿ ಬರುವುದು ಬೇಡ, ಮದುವೆಗೆ ಬಾ ಎಂದು ಅಪ್ಪನಿಗೆ ಹೇಳಿದವಳೂ ಅವಳೇ. ಮನೆಮಂದಿ ಐದಾರು ಜನ ಎಂದದ್ದು ನೂರಾರು ಜನರ ಸಭಾಂಗಣವಾಗಿತ್ತು, ಹೂವಿನ ಕಮಾನು, ಬಾಡಿಗೆಯ ವಾದ್ಯದವರು.

“ನಸ್ತರನ್, ಉಪ್ಪು!” ಎಂದು ಮೆಹ್ರಿ ಕೂಗಿದಳು. ಸೌತೆಕಾಯಿ ಸಿಪ್ಪೆ ಹೆರೆದು, ಉಪ್ಪು ಸವರಿ ಕಚ್ಚುತ್ತ ಮಾತಾಡುವುದು ಮೆಹ್ರಿಯ ಶುಕ್ರವಾರದ ಅಭ್ಯಾಸ. ಉಪ್ಪಿನ ಡಬ್ಬಿ ಇಟ್ಟು ನಸ್ತರನ್ ಅಲ್ಲೇ ನಿಂತಳು. ಕೇವಾನ್ ಫೋನಿನಲ್ಲಿ ದಾರಿ ನೋಡುತ್ತಿದ್ದ. “ಕಜ್ವೀನ್ ಊರಿನ ಮೇಲೆ ಹೋದರೆ ರಸ್ತೆ ಚೆನ್ನಾಗಿದೆ. ಮುಂದಿನ ಶುಕ್ರವಾರ ಊಟದ ಹೊತ್ತಿಗೆ ಮಾವನ ಮನೆ. ಮಾವ ಆಗಲೇ ಒಲೆ ಹಚ್ಚಿರುತ್ತಾರೆ.”

“ನಿನ್ನ ಮಾವ ಒಲೆ ಹಚ್ಚೋದು ಬಿಟ್ಟು ಇನ್ನೇನು ಮಾಡ್ಯಾರು” ಎಂದಳು ಮೆಹ್ರಿ. “ಆವತ್ತು ನಮ್ಮ ಹುಡುಗನ ಮದುವೇಲಿ ನೋಡಲಿಲ್ವಾ? ಅಯ್ಯೋ ದೇವರೇ, ಆ ಚಹಾದ ಟ್ರೇ!”

ಕೇವಾನ್ ನಕ್ಕ. ನಸ್ತರನ್ ಕೂಡ ನಕ್ಕಳು. ನಗು ಅವಳ ಬಾಯಿಗೆ ತಾನಾಗಿ ಬರುತ್ತಿತ್ತು, ಇಷ್ಟು ವರ್ಷಗಳ ಅಭ್ಯಾಸ. ಮೆಹ್ರಿಯ ಮಗನ ಮದುವೆಯಲ್ಲಿ ಅಪ್ಪ ಬಾಗಿಲ ಬಳಿ ನಿಂತಿದ್ದಾಗ ಯಾರೋ ಅವನನ್ನು ಅಡುಗೆಯವರ ಕಡೆಯವನು ಎಂದುಕೊಂಡು, “ಯಜಮಾನರೇ, ಈ ಕಡೆ ಒಂದು ಚಹಾ” ಎಂದಿದ್ದರು. ಅಪ್ಪ ತಡವರಿಸಲೇ ಇಲ್ಲ. ಒಳಗೆ ಹೋಗಿ ಟ್ರೇ ತಂದ, ಕೇಳಿದವನೊಬ್ಬನಿಗಲ್ಲ, ಆ ಸಾಲಿಗೆಲ್ಲ ಚಹಾ ಕೊಟ್ಟ, ಕೊಡುತ್ತ ತನ್ನೂರಿನ ಭಾಷೆಯಲ್ಲೇ ಉಪಚಾರ ಹೇಳಿದ, ಆಮೇಲೆ ಪಕ್ಕದ ಸಾಲಿಗೂ ಕೊಟ್ಟ. ಗಂಡಸಾಗಿ ಅಡುಗೆಮನೆ ಸೇರುವವರು, ಹೆಂಡತಿಗೆ ಹೆದರುವವರು ಎಂದು ಲಂಗರೂದು ಇರುವ ಗೀಲಾನ್ ಪ್ರಾಂತ್ಯದ ಗಂಡಸರ ಮೇಲೆ ಟೆಹರಾನಿನಲ್ಲಿ ಎಷ್ಟು ಹಾಸ್ಯವಿದೆಯೋ ಅಷ್ಟೂ ಆ ರಾತ್ರಿ ಕಾರಿನಲ್ಲಿ ಹೊರಬಂತು. ಹಿಂದಿನ ಸೀಟಿನಲ್ಲಿ ಅಪ್ಪ ತಲೆ ವಾಲಿಸಿ ನಿದ್ದೆ ಹೋಗಿದ್ದ. ನಿದ್ದೆ ಹೋಗಿದ್ದನೇ? ಅವನು ನಿದ್ದೆಯಲ್ಲಿ ಗೊರಕೆ ಹೊಡೆಯುವವನು. ಆವತ್ತು ಗೊರಕೆ ಇರಲಿಲ್ಲ ಎಂಬುದು ಈಗ ಉಪ್ಪಿನ ಡಬ್ಬಿಯ ಮುಂದೆ ನಿಂತಿರುವಾಗ ಅವಳಿಗೆ ನೆನಪಾಯಿತು.

ಫೋನು ಬಡಿದುಕೊಂಡಿತು. ಅಪ್ಪನೇ.

“ಏನವ್ವಾ, ಊಟ ಆತೇನು? ಒಂದು ಮಾತ ಕೇಳೂದಿತ್ತು. ಬೀಗಿತ್ತಿ ಬಳ್ಳೊಳ್ಳಿ ತಿಂತಾಳೋ ಇಲ್ಲೋ? ತಿನ್ನೂದಿಲ್ಲಂದ್ರ ಆಕಿ ಪಾಲಿನ ಬದನೀಕಾಯಿ ಬ್ಯಾರೆ ಸುಟ್ಟು ಇಡ್ತೀನಿ. ಮತ್ತ ಮೀನ...”

“ತಿಂತಾರೆ” ಎಂದಳು ನಸ್ತರನ್, ಟೆಹರಾನಿನ ನಯವಾದ ಮಾತಿನಲ್ಲಿ. “ಆಮೇಲೆ ಮಾಡಲಾ?”

ಅಪ್ಪ ಕೂಡ ದನಿ ಬದಲಿಸಿ, ರೇಡಿಯೋದಲ್ಲಿ ವಾರ್ತೆ ಓದುವವನ ಹಾಗೆ ಒಂದೊಂದೇ ಅಕ್ಷರ ಬಿಡಿಸಿ, “ಸರಿ. ಅಲ್ಲಿ ಜನರಿದ್ದಾರೆ ಎಂದು ಕಾಣುತ್ತದೆ. ಇಡುತ್ತೇನೆ” ಎಂದ. ಅವನ ಭಾಷೆಯಲ್ಲಿ ತಾನು ಉತ್ತರ ಕೊಡದಿದ್ದರೆ ಜನರಿದ್ದಾರೆ ಎಂದು ಅರ್ಥ ಮಾಡಿಕೊಳ್ಳುವುದನ್ನು ಅಪ್ಪ ಯಾವಾಗ ಕಲಿತ? ತಾನು ಕಲಿಸಿರಲಿಲ್ಲ. ಕಲಿಸಬೇಕಾಗಿರಲೂ ಇಲ್ಲ. ಯೂನಿವರ್ಸಿಟಿಗೆಂದು ಟೆಹರಾನಿಗೆ ಬಂದ ಮೊದಲ ವರ್ಷ ಹಾಸ್ಟೆಲಿನ ಹುಡುಗಿಯರು ಅವಳಿಂದ ಬೇಕೆಂದೇ ಕೆಲವು ಮಾತು ಆಡಿಸಿ ನಗುತ್ತಿದ್ದರು. ಮೂರು ತಿಂಗಳಲ್ಲಿ ಅವಳು ನಾಲಗೆ ತಿದ್ದಿಕೊಂಡಳು, ರಜೆಗೆ ಮನೆಗೆ ಹೋದಾಗ ಅಮ್ಮ, “ಯಾಕವ್ವಾ, ಹಲ್ಲು ನೋಯ್ತಾವೇನು?” ಎಂದು ಕೇಳಿದ್ದಳು. ಆ ಪ್ರಶ್ನೆಗೆ ಅಮ್ಮ ಸಾಯುವವರೆಗೂ ಉತ್ತರ ಸಿಗಲಿಲ್ಲ.

ಊಟ ಮುಗಿದು ಚಹಾ ಬಂದ ಮೇಲೆ ಮೆಹ್ರಿ ಕಾಲು ಮಡಚಿ ಕೂತು, “ಒಂದು ಹೇಳಲಾ?” ಎಂದಳು. “ಲಂಗರೂದಿನಲ್ಲಿ ಈಗ ಮಳೆ, ಕೆಸರು. ಕಡಲು ನೋಡೋ ಹಾಗಿಲ್ಲ, ಮೀನು ವಾಸನೆ ಬೇರೆ. ಬೆಟ್ಟದ ಮೇಲೆ ಕೆಲಾರ್‌ದಶ್ತ್‌ನಲ್ಲಿ ಹಿಮ ಬಿದ್ದಿದೆಯಂತೆ. ನನ್ನ ಗಂಡನ ಸ್ನೇಹಿತರ ಮನೆ ಖಾಲಿ ಇದೆ. ಬೀಗರನ್ನೂ ಅಲ್ಲಿಗೇ ಕರಕೊಂಡು ಹೋಗೋಣ. ಮುದುಕರನ್ನ ಬೇಸಿಗೇಲಿ ನೋಡಿದರಾಯ್ತು.”

ಕೇವಾನ್ ಹೆಂಡತಿಯ ಕಡೆ ನೋಡಿದ. “ನೀನೇನಂತೀಯ?”

ನಸ್ತರನ್ ತಿಂಗಳಿಂದ ಹೊರಲಾರದೆ ಹೊತ್ತಿದ್ದ ಭಾರವನ್ನು ಮೆಹ್ರಿ ಬಂದು, ಅದೂ ತನ್ನ ಸ್ವಾರ್ಥಕ್ಕಾಗಿ, ಇಳಿಸಿಬಿಟ್ಟಿದ್ದಳು. ಇನ್ನು ಅಪ್ಪನಿಗೆ ಕುಂಟಲು ಹೇಳಬೇಕಾಗಿಲ್ಲ. ಸೋಫಾದ ಮೇಲೆ ಒಂದು ಕಾಲು ನೀಡಿ ಕೂತು, ಅಫ್ಸರ್ ಖಾನುಂ ಮಾತ್ರೆ ಔಷಧಿ ಕೇಳಿದರೆ ಏನು ಹೇಳಬೇಕೆಂದು ಅವನಿಗೆ ಪಾಠ ಹೇಳಿಕೊಡಬೇಕಾಗಿಲ್ಲ. ತಪ್ಪು ಮೆಹ್ರಿಯದು. ‘ಅಪ್ಪ, ನಾನೇನು ಮಾಡಲಿ, ಅತ್ತಿಗೆ ಹಟ ಹಿಡಿದರು’ ಎಂದರೆ ಮುಗಿಯಿತು. ನೆಮ್ಮದಿ ಇಷ್ಟು ಸುಲಭವಾಗಿ ಬಂದದ್ದಕ್ಕೆ ನಾಚಿಕೆಯೂ ಬಂತು, ಆದರೆ ನಾಚಿಕೆ ನೆಮ್ಮದಿಯನ್ನು ಅಲುಗಾಡಿಸಲಿಲ್ಲ. “ಹಾಗೇ ಆಗಲಿ ಬಿಡಿ, ಅತ್ತಿಗೆ” ಎಂದಳು. “ಅಪ್ಪನಿಗೆ ಈಗಲೇ ಹೇಳಿಬಿಡ್ತೀನಿ, ಸುಮ್ಮನೆ ತಯಾರಿ ಮಾಡಿಕೊಂಡಾರು.”

ಮಲಗುವ ಕೋಣೆಯ ಬಾಗಿಲು ಹಾಕಿ ಮಂಚದ ಅಂಚಿಗೆ ಕೂತು ಅಪ್ಪನ ಮನೆಯ ಫೋನಿಗೆ ಮಾಡಿದಳು. ಎತ್ತಿದವರು ಅಪ್ಪನಲ್ಲ, ಪಕ್ಕದ ಮನೆಯ ಇಸ್ಮತ್ ಖಾನುಂ. ಅಮ್ಮ ಹೋದ ಮೇಲೆ ಅಪ್ಪನ ಮನೆಯನ್ನು ಹಗಲು ಹೊತ್ತು ಅರ್ಧ ತನ್ನದೇ ಮಾಡಿಕೊಂಡಿದ್ದ ಹೆಂಗಸು.

“ಯಾರು, ನಸ್ತರನ್ನೇನು? ನಿನಗ ನೂರು ವರ್ಷ ಆಯುಷ್ಯ! ನಿಮ್ಮಪ್ಪ ಮೀನುಪ್ಯಾಟಿಗೆ ಹೋಗ್ಯಾನ. ಬರೂ ಶುಕ್ರವಾರಕ್ಕ ದೊಡ್ಡ ಮೀನ ತೆಗೆದಿಡು ಅಂತ ಹೇಳಾಕ. ಫೋನಿನ್ಯಾಗ ಹೇಳು ಮಾರಾಯ ಅಂದ್ರ, ಇಲ್ಲ, ಮೀನಿನವನ ಕಣ್ಣ ನೋಡಿ ಹೇಳ್ತೀನಿ ಅಂತಾನ. ಮಳ್ಯಾಗ! ನಾ ಇಲ್ಲಿ ಅವನ ಜಮಖಾನಿ ಒಗ್ಯಾಕ ಬಂದೀನಿ. ನಾವೆಲ್ಲಾ ಬರೂದೈತಿ ಶುಕ್ರವಾರ, ಗೊತ್ತೈತೇನು? ರೊಟ್ಟಿ ಅಂಗಡಿಯವ್ರು, ನಮ್ಮನಿಯವ್ರು, ಎಲ್ಲಾರ್ನೂ ಕರದಾನ. ಬೀಗಿತ್ತಿನ್ನ ನೋಡಬೇಕಲ್ಲ!”

“ಇಸ್ಮತ್ ಖಾನುಂ, ಅದೇನಂದ್ರೆ...”

“ಭಾಳ ಛಲೋ ಹೆಣಮಗಳಂತ ಆಕಿ. ನಿಮ್ಮಪ್ಪ ಹೇಳ್ಯಾನ ಎಲ್ಲಾ. ನಿಶ್ಚಯದಾಗ ಆಕಿನ ಬಂದು ಅವನ ಕೈ ಹಿಡ್ದು, ‘ಹಿರ್ಯಾರು ನೀವು, ಮುಂದ ಬರ್ರಿ’ ಅಂತ ಮ್ಯಾಲ ಕುಂಡ್ರಿಸಿದ್ಲಂತ. ತನ್ನ ಪಕ್ಕದಾಗ. ‘ನಿಮ್ಮ ಕೈಯಡಿಗಿ ಉಣ್ಣಾಕ ಲಂಗರೂದಿಗೆ ಬರ್ತೀನಿ’ ಅಂದ್ಲಂತ. ನಂಗ ನಂಬಿಕಿ ಇರಲಿಲ್ಲ, ಖರೆ ಹೇಳ್ತೀನಿ. ನನ್ನ ಮೊಮ್ಮಗಳು ಫೋನಿನ್ಯಾಗ ಫೋಟೋ ತೋರಿಸಿದ್ಲಲ್ಲ, ಒಂದರಾಗೂ ಇವಾ ಇಲ್ಲ. ನಿಮ್ಮಪ್ಪನ್ನ, ‘ಯಾಕೋ ರಹ್ಮತ್, ನೀ ಎಲ್ಲಿದ್ದೀಯೋ’ ಅಂದ್ರ, ‘ಫೋಟೋದವ ಬಂದಾಗ ನಾ ನಮಾಜಿಗೆ ಎದ್ದಿದ್ದೆ’ ಅಂದ. ಮತ್ತ ಅಲ್ಲಿಂದ ಬರೂವಾಗ ಎಷ್ಟ ಥಂಡಿ ಹಿಡಿಸ್ಕೊಂಡು ಬಂದಾ ಅಂತಿ! ಎರಡು ದಿನ ನಿಮ್ಮ ಮನ್ಯಾಗಿದ್ದು, ತಿರುಗಿ ಬಂದ ಮ್ಯಾಲೆ ಒಂದ ವಾರ ಕೆಮ್ಮೇ ಕೆಮ್ಮು. ಟೆಹರಾನದಾಗ ನಿಮ್ಮ ಮನಿ ಅಷ್ಟ ಥಂಡಿ ಏನವ್ವಾ?”

“ಹೌದು” ಎಂದಳು ನಸ್ತರನ್. “ಆ ಕೋಣೆ ತಂಪು.”

ಹೇಳಬೇಕಾದದ್ದನ್ನು ಹೇಳದೆ ಫೋನು ಇಟ್ಟಳು. ಕಿಟಕಿಯಾಚೆ ಎದುರುಮನೆಯ ಬಾಲ್ಕನಿಯಲ್ಲಿ ಯಾರೋ ಕಂಬಳಿ ಕೊಡವುತ್ತಿದ್ದರು. ಕಂಬಳಿ ಏಳುವುದು ಕಾಣುತ್ತಿತ್ತು, ಸದ್ದು ತಡವಾಗಿ ಬರುತ್ತಿತ್ತು. ನಿಶ್ಚಿತಾರ್ಥದ ಸಂಜೆ, ಸಭಾಂಗಣದ ಕೈತೊಳೆಯುವ ಕೋಣೆಯಿಂದ ಅವಳು ಅಪ್ಪನ ಮೊಬೈಲಿಗೆ ಒಮ್ಮೆ ಫೋನು ಮಾಡಿದ್ದಳು, ಯಾಕೆಂದು ಗೊತ್ತಿಲ್ಲ, ಪ್ರೀತಿಯಿಂದಲ್ಲ, ಅವನು ಲಂಗರೂದಿನಲ್ಲೇ ಇದ್ದಾನೆ ಎಂದು ಖಚಿತಮಾಡಿಕೊಳ್ಳಲು ಇರಬೇಕು. “ಎಲ್ಲಾ ಛಲೋ ಆತೇನವ್ವಾ? ಪೆಗಾಹ್ ನಗಾಕತ್ಯಾಳೇನು?” ಎಂದಿದ್ದ. ಅವನ ಹಿಂದೆ ಯಾರೋ “ಕಜ್ವೀನ್, ಕಜ್ವೀನ್, ಕಜ್ವೀನ್” ಎಂದು ಕೂಗುತ್ತಿದ್ದರು. ಬಸ್ಸಿಗೆ ಜನ ಕರೆಯುವ ಕೂಗು. ಎಲ್ಲಿದ್ದೀಯಪ್ಪ ಎಂದರೆ ಪೇಟೆಯಲ್ಲಿ ಎಂದಿದ್ದ. ಲಂಗರೂದಿನ ಪೇಟೆಯಲ್ಲಿ ಕಜ್ವೀನಿನ ಬಸ್ಸು ಯಾಕೆ ಕೂಗುತ್ತಾರೆ ಎಂದು ಅನ್ನಿಸಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದ್ದರು, ಅವಳು ಲಿಪ್‌ಸ್ಟಿಕ್ ಸರಿಮಾಡಿಕೊಂಡು ಹೊರಬಂದಿದ್ದಳು. ಅವನು ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿದ್ದ? ಎರಡು ರಾತ್ರಿ ಎಲ್ಲಿ ಮಲಗಿದ್ದ? ಬೀದಿಯವರ ಕಣ್ಣಿಗೆ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಹೋದವನಂತೆ ಕಾಣಲು ಊರು ಬಿಟ್ಟಿದ್ದ. ಒಳ್ಳೆಯ ಅಂಗಿ ತೊಟ್ಟು ಹೋಗಿರುತ್ತಾನೆ. ಇಸ್ಮತ್ ಖಾನುಂ ಬಾಗಿಲಲ್ಲಿ ನಿಂತು ಬೀಳ್ಕೊಟ್ಟಿರುತ್ತಾಳೆ, ದಾರಿಗೆ ತಿನ್ನಲು ಏನೋ ಕಟ್ಟಿಕೊಟ್ಟಿರುತ್ತಾಳೆ, ಅದನ್ನು ಅವನು ಯಾವುದೋ ಬೆಂಚಿನ ಮೇಲೆ ಕೂತು ತಿಂದಿರುತ್ತಾನೆ.

ಮೊದಲ ಬಾರಿಗೆ ಅವಳಿಗೆ ಶುಕ್ರವಾರದ ಊಟ ಪೂರ್ತಿಯಾಗಿ ಕಣ್ಣಿಗೆ ಕಟ್ಟಿತು. ಒಂದು ಕಡೆ ಬೀದಿಯವರು; ಅವರ ಪ್ರಕಾರ ಅಪ್ಪ ಟೆಹರಾನಿಗೆ ಹೋಗಿ ಬೀಗಿತ್ತಿಯ ಪಕ್ಕ ಕೂತಿದ್ದ. ಇನ್ನೊಂದು ಕಡೆ ಅಫ್ಸರ್ ಖಾನುಂ. ಅವಳ ಪ್ರಕಾರ ಅಪ್ಪ ಹಾಸಿಗೆ ಹಿಡಿದಿದ್ದ. ಇಬ್ಬರ ನಡುವೆ ಮೀನಿನ ತಟ್ಟೆ. ಬಾಗಿಲು ದಾಟುತ್ತಲೇ ಅಫ್ಸರ್ ಖಾನುಂ ಕೇಳುವ ಮೊದಲ ಮಾತಿಗೇ, ‘ಈಗ ಮಂಡಿ ಹೇಗಿದೆ? ಕೊನೆಗೂ ನಿಮ್ಮನ್ನ ನೋಡೋ ಹಾಗಾಯ್ತು’ ಎಂಬ ಒಂದೇ ಮಾತಿಗೆ, ಅಪ್ಪ ಬೀದಿಯ ಮುಂದೆ ಬೆತ್ತಲೆಯಾಗುತ್ತಿದ್ದ. ಹಾಗಾದರೆ ಹೋಗದಿರುವುದೇ ಒಳ್ಳೆಯದು. ಹೋಗದಿದ್ದರೆ? ಜಮಖಾನೆ ಒಗೆದಿದ್ದಾರೆ. ರೊಟ್ಟಿ ಅಂಗಡಿಯವನು ಬರುತ್ತಾನೆ. ‘ಬೀಗರು ಬರಲಿಲ್ಲ’ ಎಂದು ಅಪ್ಪ ಹೇಳುವಾಗ ಇಸ್ಮತ್ ಖಾನುಂ ಅವನ ಮುಖ ನೋಡುತ್ತಾಳೆ. ಆ ನೋಟವನ್ನು ಅಪ್ಪ ಆ ಬೀದಿಯಲ್ಲಿ ದಿನಾ ದಾಟಿ ಹೋಗಬೇಕು.

ಬಾಗಿಲು ತೆರೆದು ಹಾಲಿಗೆ ಬಂದಳು. “ಹೇಳಿದೆಯಾ?” ಎಂದ ಕೇವಾನ್.

“ಇಲ್ಲ. ನೀವು ಕೆಲಾರ್‌ದಶ್ತ್‌ಗೆ ಹೋಗಿ. ನಾನು ಲಂಗರೂದಿಗೆ ಹೋಗ್ತೀನಿ. ಪೆಗಾಹ್‌ನ ಕರಕೊಂಡು.”

“ಐದು ನಿಮಿಷದ ಹಿಂದೆ ಹೂಂ ಅಂದಳಲ್ಲಪ್ಪ ಇವಳು!” ಎಂದಳು ಮೆಹ್ರಿ, ಬಾಯಲ್ಲಿದ್ದ ಸೌತೆಕಾಯಿಯನ್ನು ಅಗಿಯುವುದು ನಿಲ್ಲಿಸಿ.

“ನನ್ನಪ್ಪನಿಗೆ ನಾವು ಬೇಕಾದಷ್ಟು ಅವಮಾನ ಮಾಡಿದ್ದೇವೆ, ಅತ್ತಿಗೆ. ಮನುಷ್ಯನ ಹಾಗೆ ಒಂದು ದಿನಾನೂ ನೋಡಲಿಲ್ಲ.”

“ನಾವಾ?” ಕೇವಾನ್ ಸಿಟ್ಟಾಗಲಿಲ್ಲ. ಅದೇ ಕಷ್ಟವಾಗಿದ್ದು. ಅವನು ಕನ್ನಡಕ ತೆಗೆದು, ನಿಜವಾಗಿಯೂ ಅರ್ಥವಾಗದವನ ಹಾಗೆ ಅವಳನ್ನು ನೋಡಿದ. “ನಾನು ತಮಾಷೆ ಮಾಡ್ತೀನಿ, ಒಪ್ಕೋತೀನಿ. ಆದರೆ ನಿಶ್ಚಿತಾರ್ಥಕ್ಕೆ ಮಾವನ್ನ ಕರಿ ಅಂತ ನಾನು ಎರಡು ಸಲ ಹೇಳಿದೆ. ಬೇಡ ಅಂದವಳು ನೀನು. ‘ಅವರ ಮುಂದೆ ಅಪ್ಪ ಚಹಾ ಹಂಚಕ್ಕೆ ಶುರು ಮಾಡಿದರೆ ನಾನು ಸತ್ತೇ ಹೋಗ್ತೀನಿ’ ಅಂದೆ. ನೆನಪಿದೆಯಾ?”

ನೆನಪಿತ್ತು. ಆ ಮಾತು ಆಡಿದ್ದು ಇದೇ ಸೋಫಾದ ಮೇಲೆ, ಆಮಂತ್ರಣದ ಬಣ್ಣ ಆರಿಸುತ್ತ. ಇಷ್ಟು ದಿನ ಆ ಮಾತನ್ನು ಅವಳು ಮನಸ್ಸಿನಲ್ಲಿ ಮೆಲ್ಲಗೆ ಕೇವಾನನ ಬಾಯಿಗೆ ದಾಟಿಸಿಬಿಟ್ಟಿದ್ದಳು, ಕೆಲವೊಮ್ಮೆ ಮೆಹ್ರಿಯ ಬಾಯಿಗೆ. ಈಗ ಅದು ತನ್ನ ದನಿಯಲ್ಲೇ ತಿರುಗಿ ಬಂತು. ಕೋಣೆಗೆ ಮರಳಿದಳು. ಹಿಂದಿನಿಂದ ಮೆಹ್ರಿ ಪಿಸುಗುಟ್ಟಿದ್ದು ಕೇಳಿತು: “ವಯಸ್ಸು. ಈ ವಯಸ್ಸಲ್ಲಿ ಹೀಗೇ ಆಗುತ್ತೆ.”

ಅಫ್ಸರ್ ಖಾನುಂ ಫೋನು ಎತ್ತಿದಾಗ ನಸ್ತರನ್ ಕುಶಲ ಪ್ರಶ್ನೆಗಳನ್ನು ಅರ್ಧಕ್ಕೇ ಬಿಟ್ಟಳು. ಹೇಳಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅಪ್ಪನಿಗೆ ಕಾಯಿಲೆ ಇರಲಿಲ್ಲ. ನಾನು ಕರೆಯಲಿಲ್ಲ. ಆದರೂ ನಿಶ್ಚಿತಾರ್ಥಕ್ಕೆ ಹೋಗಿದ್ದೆ ಎಂದು ಅವರು ಬೀದಿಗೆಲ್ಲ ಹೇಳಿಕೊಂಡಿದ್ದಾರೆ, ನೀವು ಪಕ್ಕದಲ್ಲಿ ಕೂರಿಸಿಕೊಂಡಿರಿ ಎಂದು ಹೇಳಿದ್ದಾರೆ. ಶುಕ್ರವಾರ ಆ ಜನರೆಲ್ಲ ಇರುತ್ತಾರೆ. ಅವರ ಮುಂದೆ ನೀವು ಅಪ್ಪನನ್ನು ಮೊದಲೇ ನೋಡಿದ್ದೀರಿ ಎಂಬ ಹಾಗೆ ನಡೆದುಕೊಳ್ಳಬೇಕು. ಹೇಳುತ್ತಿದ್ದಂತೆ ತನ್ನ ಮಾತು ಅರ್ಜಿ ಕೊಡುವವಳ ಮಾತಿನ ಹಾಗೆ ಕೇಳಿಸಿತು.

“ಕಾಯಿಲೆ ಇರಲಿಲ್ಲವಾ?” ಎಂದಳು ಅಫ್ಸರ್ ಖಾನುಂ.

“ಇರಲಿಲ್ಲ.”

“ಅವರು ಗುಣವಾಗಲಿ ಅಂತ ನಾನು ಹರಕೆ ಹೊತ್ತಿದ್ದೆ. ಕಟ್ಟಡದವರಿಗೆಲ್ಲ ಪಾಯಸ ಹಂಚಿದೆ. ನಿಮಗೂ ಒಂದು ಬಟ್ಟಲು ಕಳಿಸಿದ್ದೆ. ತಿಂದಿರಾ?”

“ತಿಂದೆ.”

“ನನ್ನ ಮಗ ನಿಮ್ಮ ಮನೆಗೆ ಅಳಿಯನಾಗ್ತಾನೆ, ನಸ್ತರನ್ ಖಾನುಂ. ಇನ್ನು ಮೇಲೆ ನಿಮ್ಮ ಯಾವ ಮಾತನ್ನ ನಂಬಬೇಕು, ಯಾವುದನ್ನ ಬಿಡಬೇಕು ಅಂತ ನಾನು ಹೇಗೆ ತಿಳಕೊಳ್ಳಲಿ?”

ನಸ್ತರನ್ ಹಾಸಿಗೆಯ ಹೊದಿಕೆಯ ನೂಲೊಂದನ್ನು ಎಳೆಯುತ್ತಿದ್ದಳು, ಅದು ಉದ್ದವಾಗಿ ಬಿಚ್ಚಿಕೊಳ್ಳುತ್ತ ಹೋಯಿತು. ಕ್ಷಮೆ ಕೇಳಬೇಕೆಂದುಕೊಂಡಳು. ಆದರೆ ಕ್ಷಮಿಸಬೇಕಾದವಳು ಈ ಹೆಂಗಸಲ್ಲ.

“ಬರ್ತೀನಿ” ಎಂದಳು ಅಫ್ಸರ್ ಖಾನುಂ ಕೊನೆಗೆ. “ನಿಮಗೋಸ್ಕರ ಅಲ್ಲ. ನಾನು ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡೆ ಅಂತ ಹೇಳಿಕೊಂಡರಲ್ಲ, ನಾನು ಅಂಥವಳು ಅಂತ ಅವರು ಅಂದುಕೊಂಡಿದ್ದಾರೆ, ಅದಕ್ಕೆ. ನಿಮ್ಮ ಅತ್ತಿಗೆ ಆ ದಿನ ಬರೋದು ಬೇಡ. ನಿಮ್ಮ ಯಜಮಾನರೂ ಅಷ್ಟೇ. ಇಬ್ಬರಲ್ಲಿ ಒಬ್ಬರು ನಕ್ಕರೂ ಆ ಹಿರಿಯರ ಮರ್ಯಾದೆ ಹೋಗುತ್ತೆ.” ನಮಸ್ಕಾರ ಹೇಳದೆ ಫೋನು ಇಟ್ಟಳು. ಮುಂದೆ ವರ್ಷಗಟ್ಟಲೆ, ಮದುವೆಯಲ್ಲಿ, ಹೆರಿಗೆಯಲ್ಲಿ, ಹಬ್ಬದಲ್ಲಿ ಈ ಹೆಂಗಸಿನ ಎದುರು ಕೂರುವಾಗಲೆಲ್ಲ ತನ್ನ ಪ್ರತಿ ಮಾತನ್ನೂ ಅವಳು ತೂಗಿ ನೋಡುತ್ತಾಳೆ ಎಂದು ನಸ್ತರನ್‌ಗೆ ತಿಳಿಯಿತು. ತೂಗಲಿ.

ಸಂಜೆಯ ಹೊತ್ತಿಗೆ ಅಪ್ಪ ಮನೆಗೆ ಬಂದಿದ್ದ. ಹಾಲಿನಲ್ಲಿ ಕೇವಾನ್, ಮೆಹ್ರಿ ಇಬ್ಬರೂ ಇದ್ದಾಗಲೇ, ಬಾಗಿಲು ಹಾಕದೆ, ಅವಳು ಫೋನು ಮಾಡಿದಳು. ಎಷ್ಟೋ ವರ್ಷಗಳ ಮೇಲೆ ಆ ಭಾಷೆ ಬಾಯಲ್ಲಿ ಬಂದಾಗ ಅದು ತೊಡಕಿತು, ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ.

“ಅಪ್ಪಾ, ನಾವು ಬರಾಕತ್ತೀವಿ. ನಾನು, ಪೆಗಾಹ್, ಅಳಿಯಾ ಆಗೂ ಹುಡುಗ. ಮತ್ತ ಅಫ್ಸರ್ ಖಾನುಂ.” ಸ್ವಲ್ಪ ತಡೆದು ಸೇರಿಸಿದಳು: “ನಿಶ್ಚಯದಾಗ ನಿನ್ನ ಪಕ್ಕದಾಗ ಕುಂತಿದ್ರಲ್ಲ, ಅವ್ರು.”

ಅಪ್ಪನ ಉಸಿರು ಕೇಳುತ್ತಿತ್ತು. ಅದರ ಹಿಂದೆ ಮಳೆ, ಹೆಂಚಿನ ಮೇಲೆ, ಒಂದೇ ಸಮನೆ. ಅವನು ಏನು ಹೇಳಿದರೂ ಸಹಿಸಿಕೊಳ್ಳಲು ಅವಳು ಸಿದ್ಧವಾಗಿ ಕೂತಳು. ಆ ಎರಡು ದಿನ ಎಲ್ಲಿದ್ದೆ ಎಂದು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

“ಆಕಿಗೆ ಗೊತ್ತೈತೇನು?” ಎಂದ ಕೊನೆಗೆ.

“ಗೊತ್ತೈತಪ್ಪಾ. ನಾ ಎಲ್ಲಾ ಹೇಳೀನಿ.”

“ಹಂಗಾದ್ರ ಛಲೋ ಆತು.” ಅವನು ಕೆಮ್ಮಿದ. ಬಹಳ ಹೊತ್ತು ಯೋಚಿಸಿಟ್ಟುಕೊಂಡಿದ್ದವನ ಹಾಗೆ, ದನಿ ತಗ್ಗಿಸಿ ಕೇಳಿದ: “ಬಾಗಲದಾಗ ನಾವು ನಾಕೈದು ಮಂದಿ ಮುದುಕ್ರು ನಿಂತಿರ್ತೀವಿ. ಆಕಿ ನನ್ನ ಹೆಂಗ ಗುರ್ತ ಹಿಡೀಬೇಕು?”

ನಸ್ತರನ್ ಬಾಯಿಗೆ ಕೈ ಅಡ್ಡ ಹಿಡಿದಳು. “ನಾ ಮುಂದ ಬರ್ತೀನಪ್ಪಾ. ನಾ ಬಂದು ನಿನ್ನ ಕೈ ಹಿಡೀತೀನಿ. ಆಕಿಗೆ ತಿಳೀತೈತಿ.”

“ಬ್ಯಾಡ ಬ್ಯಾಡ. ನೀ ಮುಂದ ಬಂದು ತೋರಿಸಿದ್ರ ಇಸ್ಮತ್‌ಗ ಗೊತ್ತಾಗ್ತೈತಿ. ಆಕಿ ಕಣ್ಣು ಭಾಳ ಚುರುಕ.” ಅಪ್ಪ ಮತ್ತೆ ಕೆಮ್ಮಿದ. “ಹಿಂಗ ಮಾಡೂಣು. ಅವರ್ನೆಲ್ಲಾ ನಾ ಒಳಗ ಕುಂಡ್ರಸ್ತೀನಿ. ಬಾಗಲದಾಗ ನಾ ಒಬ್ಬನ ನಿಂತಿರ್ತೀನಿ. ನಿಂತಾಂವ ನಮ್ಮಪ್ಪನ ಅಂತ ಆಕಿಗೆ ಹೇಳು, ಆಕಿ ಸೀದಾ ನನ್ನ ಕಡೆ ಬರಲಿ.”

“ಹೇಳ್ತೀನಪ್ಪಾ.”

“ನೀ ಸ್ವಲ್ಪ ಹಿಂದ ಉಳಿ, ಮಗಳ.”